ಹೊಳೆಯ ಪಾಠ, ಕುರ್ಲಾ ರಾತ್ರಿಶಾಲೆ

ರಾತ್ರಿ ಒಂಬತ್ತೂಕಾಲಿಗೆ ಭೂಗೋಳ.
ಬೆರಳಲ್ಲಿನ್ನೂ ಸಾಂಬಾರಿನ ವಾಸನೆ,
ಮೊಣಕೈವರೆಗೆ ಗ್ಲಾಸು ತೊಳೆದ ಸೋಪಿನ ಬಿಳಿ.
ಹದಿನಾಲ್ಕು ಜನ, ಏಳು ಬೆಂಚು,
ಉರಿಯುವ ಟ್ಯೂಬ್‌ಲೈಟು ಒಂದೇ.

ಹೆಜಮಾಡಿ ಮಾಸ್ತರರು ಹಗಲೆಲ್ಲ ಮುನಿಸಿಪಾಲಿಟಿಯಲ್ಲಿ
ನಕ್ಷೆ ತಿದ್ದುವ ಕಾರಕೂನ.
ಅದೇ ನೀಲಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಬರುವರು.
ಪುಸ್ತಕದಲ್ಲಿ ಗಂಗೆಯಿತ್ತು: ಮೇಲ್ಕಣಿವೆ, ನಡುಬಯಲು, ಮುಖಜಭೂಮಿ.
ಅದನ್ನು ಮುಚ್ಚಿಟ್ಟು ಕೇಳಿದರು,
‘ಕಿಟಕಿಯಾಚೆ ನಾರುತ್ತಿದೆಯಲ್ಲ, ಅದೇನು?’

‘ಗಟಾರ ಸಾರ್’ ಎಂದ ಪೀತಾಂಬರ.
‘ನಾಲಾ’ ಎಂದೆ ನಾನು.
‘ಹೊಳೆಯೋ ಅದು. ಹೊಳೆ.’
ಎರಡನೆಯ ಸಲ ಹೇಳಿದ್ದು ತಮಗೇ.

ಬೋರ್ಡಿನ ನೆತ್ತಿಗೆ ಎರಡು ಕೆರೆ ಬರೆದರು: ವಿಹಾರ, ಪೊವಾಯಿ.
ಕೋಡಿ ಬಿದ್ದ ದಿನವೇ ಇದರ ಹುಟ್ಟುಹಬ್ಬ.
ಆರೆಯ ಹುಲ್ಲಿನ ನಡುವೆ ಒಂದಷ್ಟು ದೂರ
ತಳದ ಕಲ್ಲು ಎಣಿಸಬಹುದು, ಎಮ್ಮೆಗಳು ಎದ್ದುಹೋದ ಮೇಲೆ.
ಸಾಕಿನಾಕಾದಲ್ಲಿ ಡ್ರಮ್ಮು ತೊಳೆದ ಬಣ್ಣ,
ಮಂಗಳವಾರ ಕೆಂಪು, ಉಳಿದ ದಿನ ಹೇಳಲಾಗದು.
ಮುಂದೆ ವಿಮಾನದ ಓಟದ ಹಾದಿ. ಅಡ್ಡ ಬಂತೆಂದು
ಹೊಳೆಯನ್ನೇ ಕೆಳಗೆ ತೂರಿಸಿದ್ದಾರೆ.
‘ಹೊಳೆಯ ಬೆನ್ನ ಮೇಲೆ ವಿಮಾನ ಇಳಿಯುವುದು
ಪುಸ್ತಕದಲ್ಲಿಲ್ಲ, ಬರಕೊಳ್ಳಿ.’

ಕುರ್ಲಾ ಬೋರ್ಡಿನ ನಡುವಿಗೆ ಬಂತು.
‘ಇಲ್ಲಿಗೆ ಇಳಿಜಾರು ಮುಗಿಯಿತು.
ಬಯಲ ಹೊಳೆಗೆ ಅವಸರವಿಲ್ಲ,
ಹೋಗಲೋ ಬೇಡವೋ ಎಂದು ಬಳುಕುತ್ತದೆ,
ಹೊತ್ತು ತಂದದ್ದನ್ನು ತಿರುವಿನ ಒಳಮಗ್ಗುಲಲ್ಲಿ ಇಳಿಸುತ್ತದೆ.’
ಆ ಒಳಮಗ್ಗುಲಲ್ಲೇ ನಮ್ಮ ಖೋಲಿ.
ಅದನ್ನವರು ಹೇಳಲಿಲ್ಲ.

ಆಮೇಲೆ ಸೀಮೆಸುಣ್ಣ ತಡೆಯಿತು.
ನೇರ ಒಂದು ಗೆರೆ, ಲಂಬಕೋನ, ಮತ್ತೆ ನೇರ.
‘ಯಾವ ಹೊಳೆಯೂ ಹೀಗೆ ತಿರುಗುವುದಿಲ್ಲ.
ಇದನ್ನು ತಿರುಗಿಸಿದ್ದೇವೆ. ಮೂಲೆ ನಾನೇ ಎಳೆದದ್ದು,
ಸಾಹೇಬರ ಮೇಜಿನ ಅಂಚಿಗೆ ಪಟ್ಟಿ ಇಟ್ಟು.’
ಬೇಗಬೇಗ ಧಾರಾವಿ, ಕಾಂಡ್ಲ ಗಿಡ, ಮಾಹಿಮ್, ಸಮುದ್ರ.

‘ಮಿಠಿ ಅಂದರೆ ಸಿಹಿಯಾ ಸಾರ್?’ ಅಂಕೋಲೆಯ ಬೊಮ್ಮಯ್ಯ.
‘ಹಿಂದಿಯವನಿಗೆ ಸಿಹಿ.
ಮರಾಠಿಯವನ ಮೀಠ್, ಉಪ್ಪು.
ಹೆಸರಿಟ್ಟವನ ನಾಲಿಗೆ ಯಾವುದೋ.
ಹೋಗಿ ನೆಕ್ಕಿ ನೋಡಿ.’
ನಕ್ಕು ನಕ್ಕು ಗಂಟೆ ಹೊಡೆದದ್ದೇ ಕೇಳಲಿಲ್ಲ.

ಈಗ ಸೇತುವೆಯ ಕೆಳಗಿನ ಅಳತೆಗೋಲು ನನ್ನ ಪಾಲಿಗೆ.
ಮಳೆಗಾಲ ನಾಲ್ಕು ತಿಂಗಳು, ಗಂಟೆಗೊಮ್ಮೆ ಟಾರ್ಚು ಬಿಟ್ಟು
ರಿಜಿಸ್ಟರಿಗೆ ಏರಿಸುವ ಕೆಲಸ:
ಸಮಯ, ಮಟ್ಟ, ಸಹಿ.
ಸಂಜೆ ನಾಲ್ಕಕ್ಕೆ ಕೆಳಗೆ ಹೋದ ಚೆಂಡುಹೂವಿನ ಮಾಲೆ
ಎಂಟಕ್ಕೆ ಉಬ್ಬರದ ಜೊತೆ ವಾಪಸು ಬರುತ್ತದೆ,
ಹಿಂದೆ ಒಂಟಿ ಚಪ್ಪಲಿ.
ಯಾವ ಕಡೆಗೆ ಎಂಬ ಕಾಲಮ್ಮು ಇಲ್ಲ.
ಬೇಸಗೆಯಲ್ಲಿ ಕೋಲಿನ ಮೇಲೆ ಬಿಳಿ ಪುಡಿ,
ಒಂದು ಮೀಟರು ನಲವತ್ತರವರೆಗೆ.
ಅದರಾಚೆ ಬರೀ ಕಬ್ಬಿಣ.

ಆ ಜುಲೈಯಲ್ಲಿ ಕೋಲೇ ಕಾಣಲಿಲ್ಲ.
ಇಳಿದ ಮೇಲೆ ಶಾಲೆಗೆ ಹೋಗಿ ನೋಡಿದೆ:
ಬೋರ್ಡಿನ ಮೇಲೆ ಕೆಸರಿನ ಗೆರೆ,
ಅವರು ಕುರ್ಲಾ ಬರೆಯುತ್ತಿದ್ದ ಎತ್ತರಕ್ಕೇ.
ಮಾಸ್ತರರು ಡೊಂಬಿವಲಿಯಲ್ಲಿ, ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದರು.
ಫೋನಿನಲ್ಲಿ ಕೇಳಿದ್ದು ಒಂದೇ ಮಾತು,
‘ಆ ಮೂಲೆಯಲ್ಲಿ ಎತ್ತ ಹೋಯಿತು?’
‘ತಿರುಗಲಿಲ್ಲ ಸಾರ್.’
ಅತ್ತಲಿಂದ ಫ್ಯಾನಿನ ಸದ್ದು.
ಆಮೇಲೆ, ‘ಹಾಗಾದರೆ ಅದಕ್ಕೆ ನೆನಪಿತ್ತು.’

ಇಂದು ರಾತ್ರಿ ಒಂಬತ್ತೂಕಾಲು.
ಒಂದು ಮೀಟರು ಹತ್ತು. ಮಳೆ ನಿಂತಿದೆ.
ನೀರು ಬಂದ ದಾರಿಯಲ್ಲೇ ಮೇಲಕ್ಕೆ ಹೊರಟಿದೆ,
ಕೆರೆಯಲ್ಲಿ ಏನೋ ಮರೆತು ಬಂದಂತೆ.
ಸಹಿಯ ಪಕ್ಕ, ಅಂಚಿನಲ್ಲಿ,
ಚಿಕ್ಕದೊಂದು ಬಾಣ ಹಾಕಿದೆ,
ನೀಲಿ ಪೆನ್ಸಿಲಿನಲ್ಲಿ.